ಮೊಲಕ್ಕೆ ಎರಡು ಪೌಂಡು

ಬಿ.ಎ. ತರಗತಿಯಲ್ಲಿ ನಮಗೆ ಥಾಮಸ್ ಹಾರ್ಡಿಯ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಕಾದಂಬರಿ ಪಠ್ಯವಾಗಿತ್ತು. ಪರೀಕ್ಷೆಗೆಂದು ಓದಿದ ಪುಸ್ತಕಗಳು ಬಹುಮಟ್ಟಿಗೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತವೆ. ಈ ಪುಸ್ತಕದ ಒಂದು ಸನ್ನಿವೇಶ ಮಾತ್ರ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಒಂದು ಕಾಲಕ್ಕೆ ಸಂತೆಗಳಲ್ಲಿ ಗೋಧಿಗಂಜಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಮುದುಕಿಯೊಬ್ಬಳನ್ನು, ಕುಡಿದು ಚರ್ಚಿನ ಬಳಿ ರಂಪ ಮಾಡಿದಳೆಂದು ಕಾನ್‌ಸ್ಟೇಬಲನು ನ್ಯಾಯಪೀಠದ ಮುಂದೆ ತಂದು ನಿಲ್ಲಿಸುತ್ತಾನೆ. ಪೀಠದ ಮೇಲೆ ಕುಳಿತವನು ಊರಿನ ದೊಡ್ಡ ಮನುಷ್ಯ ಹೆಂಚರ್ಡ್. ಮುದುಕಿ ಅವನ ಮುಖವನ್ನು ದಿಟ್ಟಿಸಿ ನೋಡಿ, ಎಷ್ಟೋ ವರ್ಷದ ಹಿಂದೆ ಸಂತೆಯೊಂದರಲ್ಲಿ, ತನ್ನದೇ ಗುಡಾರದಲ್ಲಿ ಕುಡಿದು ಕುಳಿತು, ಇವನು ತನ್ನ ಹೆಂಡತಿಯನ್ನು ಐದು ಗಿನಿಗೆ ಮಾರಿದ ಕತೆಯನ್ನು ತುಂಬಿದ ಸಭೆಯಲ್ಲಿ ಬಿಚ್ಚಿಡುತ್ತಾಳೆ. ಹೆಂಚರ್ಡ್ ಸುಳ್ಳೆನ್ನಲಿಲ್ಲ. ಹೌದೆಂದು ಒಪ್ಪಿ ಪೀಠವನ್ನು ಬಿಟ್ಟು ನಡೆದ.

ಅಂದು ತರಗತಿಯಲ್ಲಿ ಎದ್ದು ನಿಂತು ನಾನೊಂದು ಪ್ರಶ್ನೆ ಕೇಳಿದ್ದೆ: “ಸಾರ್, ಹೆಂಚರ್ಡ್ ಹುಲ್ಲು, ಕಾಳು ಮಾರುವ ವ್ಯಾಪಾರಿಯಲ್ಲವೆ? ಅವನು ನ್ಯಾಯಾಧೀಶನಾದದ್ದು ಹೇಗೆ?” ಮೇಷ್ಟರು ನಕ್ಕು, “ಅದು ಸಾಹಿತ್ಯದ ಪ್ರಶ್ನೆಯಲ್ಲಪ್ಪ, ಚರಿತ್ರೆಯದು. ಕೂತುಕೋ” ಎಂದರು. ಕೂತುಕೊಂಡೆನೇನೋ ನಿಜ, ಪ್ರಶ್ನೆ ಮಾತ್ರ ಕೂರಲಿಲ್ಲ. ಆಮೇಲಿನ ವರ್ಷಗಳಲ್ಲಿ ಬಿಡುವು ದೊರೆತಾಗಲೆಲ್ಲ ಅದರ ಬೆನ್ನು ಹತ್ತಿ ಓದುತ್ತ ಬಂದೆ. ಅರಮನೆ, ಯುದ್ಧ, ಪಾರ್ಲಿಮೆಂಟುಗಳ ಇಂಗ್ಲೆಂಡನ್ನು ನಾವೆಲ್ಲ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಮೊಲ ಕದ್ದವನ, ಸೌದೆ ಮುರಿದವಳ ಇಂಗ್ಲೆಂಡು ಬೇರೆಯೇ ಇತ್ತು. ಅದರ ಪರಿಚಯವನ್ನು ಓದುಗರಿಗೆ ಒಂದಿಷ್ಟು ಮಾಡಿಕೊಡಬೇಕೆಂಬುದು ಈ ಬರಹದ ಉದ್ದೇಶ.

ನನ್ನ ಪ್ರಶ್ನೆಗೆ ಉತ್ತರ 1361ರಷ್ಟು ಹಿಂದಿನದು. ಮೂರನೆಯ ಎಡ್ವರ್ಡ್ ದೊರೆಯ ಕಾಲದ ಆ ಕಾಯಿದೆಯ ಪ್ರಕಾರ ಪ್ರತಿಯೊಂದು ಕೌಂಟಿಯಲ್ಲಿಯೂ ಶಾಂತಿಪಾಲನೆಗೆಂದು ಅಲ್ಲಿನ ಯೋಗ್ಯ ಗೃಹಸ್ಥರನ್ನೇ ನೇಮಿಸಬೇಕು. ಇವರೇ ‘ಜಸ್ಟಿಸ್ ಆಫ್ ದಿ ಪೀಸ್’ಗಳು. ನಮ್ಮಲ್ಲಿ ಬ್ರಿಟಿಷರ ಕಾಲದಲ್ಲಿದ್ದ ಆನರರಿ ಮ್ಯಾಜಿಸ್ಟ್ರೇಟರನ್ನು ನೆನೆದುಕೊಂಡರೆ ಇವರ ಸ್ವರೂಪ ತಿಳಿದೀತು. ಸಂಬಳವಿಲ್ಲ, ಕಾನೂನಿನ ಪದವಿ ಬೇಕಿಲ್ಲ. ಪಟ್ಟಣಗಳಲ್ಲಿ ಮೇಯರುಗಳೂ ಮಾಜಿ ಮೇಯರುಗಳೂ ಪೀಠದಲ್ಲಿ ಕೂರುತ್ತಿದ್ದರು. ಹೆಂಚರ್ಡ್ ಬಂದದ್ದು ಈ ಬಾಗಿಲಿನಿಂದ. ಹಳ್ಳಿಗಾಡಿನಲ್ಲಾದರೋ ಬೇರೊಂದು ಅರ್ಹತೆ ಬೇಕಾಗಿತ್ತು. ವರ್ಷಕ್ಕೆ ನೂರು ಪೌಂಡ್ ಹುಟ್ಟುವಳಿಯ ಭೂಮಿ ಇರಬೇಕು. ಎಂದರೆ ಸ್ಕ್ವೈರ್ ಎನಿಸಿಕೊಂಡ ಜಮೀನುದಾರ, ಇಲ್ಲವೆ ಉಂಬಳಿ ಚೆನ್ನಾಗಿದ್ದ ಪಾದ್ರಿ. 1830ರ ಸುಮಾರಿಗೆ ಇಂಗ್ಲೆಂಡಿನ ಈ ನ್ಯಾಯಾಧಿಕಾರಿಗಳಲ್ಲಿ ಹೆಚ್ಚುಕಡಮೆ ನಾಲ್ಕರಲ್ಲಿ ಒಬ್ಬರು ಪಾದ್ರಿಗಳೇ ಆಗಿದ್ದರು. ಭಾನುವಾರ ಬೆಳಗ್ಗೆ ಕ್ಷಮೆಯನ್ನು ಬೋಧಿಸಿದ ಕೈಯೇ ವಾರದ ನಡುವೆ ಜೈಲಿನ ಆಜ್ಞಾಪತ್ರಕ್ಕೆ ರುಜು ಹಾಕುತ್ತಿತ್ತು.

ನ್ಯಾಯಕ್ಕೆ ಮೂರು ಮೆಟ್ಟಿಲು. ಚಿಲ್ಲರೆ ಅಪರಾಧಗಳು ಒಬ್ಬಿಬ್ಬರು ನ್ಯಾಯಾಧಿಕಾರಿಗಳ ‘ಪೆಟಿ ಸೆಷನ್ಸ್’ನಲ್ಲಿ ತೀರುತ್ತಿದ್ದವು. ಅದಕ್ಕಿಂತ ದೊಡ್ಡವು ವರ್ಷಕ್ಕೆ ನಾಲ್ಕು ಸಲ ಸೇರುವ ‘ಕ್ವಾರ್ಟರ್ ಸೆಷನ್ಸ್’ಗೆ ಹೋಗುತ್ತಿದ್ದವು. ಕೊಲೆ, ದರೋಡೆಗಳಿಗೆ ರಾಜಧಾನಿಯಿಂದ ಸವಾರಿ ಬರುವ ದೊಡ್ಡ ನ್ಯಾಯಾಧೀಶರ ‘ಅಸೈಜ್’. ಬಡವನಿಗೆ ಕಾಣುತ್ತಿದ್ದುದು ಮೊದಲ ಮೆಟ್ಟಿಲು ಮಾತ್ರ. ಅಲ್ಲಿ ಜ್ಯೂರಿ ಇಲ್ಲ. ಅವನ ಪರವಾಗಿ ವಾದಿಸುವ ವಕೀಲನಂತೂ ಅಪರೂಪ. ಎಷ್ಟೋ ಕಡೆ ಕೋರ್ಟಿನ ಕಟ್ಟಡವೇ ಇರಲಿಲ್ಲ. ಹೆಂಡದಂಗಡಿಯ ಮಹಡಿ ಕೋಣೆಯಲ್ಲೋ ಸ್ಕ್ವೈರನ ಮನೆಯ ಹಜಾರದಲ್ಲೋ ವಿಚಾರಣೆ ನಡೆಯುತ್ತಿತ್ತು. ಕಾನೂನು ಗೊತ್ತಿದ್ದವನೆಂದರೆ ಪಕ್ಕದಲ್ಲಿ ಕುಳಿತ ಗುಮಾಸ್ತನೊಬ್ಬ. ಅವನಿಗೂ ಬಹುಕಾಲ ಸಂಬಳವಿರದೆ ಪ್ರತಿ ಮೊಕದ್ದಮೆಗೂ ಶುಲ್ಕ ಸಲ್ಲುತ್ತಿತ್ತು. ಅಪರಾಧಗಳು ಕಡಮೆಯಾದರೆ ಗುಮಾಸ್ತನಿಗೆ ನಷ್ಟ!

ಅಂದಿನ ಹಳ್ಳಿಗಳ ಅಪರಾಧಗಳಾದರೂ ಎಂಥವು? ಬೇಲಿಯ ಕಡ್ಡಿ ಮುರಿದು ಒಲೆಗೆ ಒಯ್ದದ್ದು, ಹೊಲದ ಟರ್ನಿಪ್ ಗೆಡ್ಡೆ ಕಿತ್ತದ್ದು, ಕೋಳಿ ಕದ್ದದ್ದು, ಕುಡಿದು ಬಿದ್ದದ್ದು, ಒಪ್ಪಂದದ ಅವಧಿ ಮುಗಿಯುವ ಮುನ್ನ ಒಡೆಯನ ಕೆಲಸ ಬಿಟ್ಟುಹೋದದ್ದು. ಇವುಗಳೆಲ್ಲಕ್ಕಿಂತ ಹೆಚ್ಚಾಗಿ, ಮೊಲಕ್ಕೆ ಉರುಲು ಒಡ್ಡಿದ್ದು.

ಮೊಲದ ಕತೆಯನ್ನು ಕೊಂಚ ವಿವರವಾಗಿಯೇ ಹೇಳಬೇಕು. 1671ರ ಕಾಯಿದೆಯೊಂದರ ಪ್ರಕಾರ ವರ್ಷಕ್ಕೆ ನೂರು ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿ ಅಥವಾ ಅದಕ್ಕೆ ಸಮನಾದ ಸ್ಥಿತಿ ಇಲ್ಲದವನು ಬೇಟೆಯಾಡುವಂತಿರಲಿಲ್ಲ. ತನ್ನ ಹೊಲದಲ್ಲಿ ತನ್ನ ಬೆಳೆಯನ್ನೇ ಮೇಯುತ್ತಿದ್ದ ಮೊಲವನ್ನು ಕೂಡ ಸಣ್ಣ ರೈತನು ಮುಟ್ಟುವ ಹಾಗಿಲ್ಲ. ಅದೇ ಕಾಲದಲ್ಲಿ ಕೌಂಟಿಯ ಪ್ರತಿನಿಧಿಯನ್ನು ಚುನಾಯಿಸಲು ನಲವತ್ತು ಷಿಲಿಂಗ್ ಹುಟ್ಟುವಳಿಯ ಭೂಮಿ ಸಾಕಾಗಿತ್ತು. ಪಾರ್ಲಿಮೆಂಟಿಗೆ ಸದಸ್ಯನನ್ನು ಕಳಿಸಲು ಬೇಕಾದುದರ ಐವತ್ತರಷ್ಟು ಆಸ್ತಿ ಒಂದು ಕವುಜುಗವನ್ನು ಹೊಡೆಯಲು ಬೇಕಲ್ಲ ಎಂದು ನ್ಯಾಯಶಾಸ್ತ್ರಜ್ಞ ಬ್ಲಾಕ್‌ಸ್ಟೋನನೇ ಹಂಗಿಸಿದ್ದಾನೆ. ಕಾಡುಗಳಲ್ಲಿ ಕಳ್ಳಬೇಟೆಗಾರರ ಕಾಲು ಹಿಡಿಯಲು ಹಲ್ಲುಳ್ಳ ಕಬ್ಬಿಣದ ಬೋನುಗಳು, ತಂತಿ ತಾಕಿದರೆ ತಾವಾಗಿ ಹಾರುವ ಬಂದೂಕುಗಳು ಇದ್ದವು. ಕಳ್ಳನೋ ಹೂ ಕೊಯ್ಯಲು ಹೋದ ಮಗುವೋ ಎಂಬುದನ್ನು ಬಂದೂಕು ನೋಡುವುದಿಲ್ಲವಷ್ಟೆ. 1827ರಲ್ಲಿ ಪಾರ್ಲಿಮೆಂಟು ಇವನ್ನು ನಿಷೇಧಿಸಿತು. ಆದರೆ ಮರುವರ್ಷವೇ ರಾತ್ರಿಬೇಟೆಯ ಕಾಯಿದೆ ಬಂದಿತು. ರಾತ್ರಿ ಮೊಲ ಹಿಡಿಯಹೋಗಿ ಸಿಕ್ಕಿಬಿದ್ದವನಿಗೆ ಮೊದಲ ಸಲ ಮೂರು ತಿಂಗಳವರೆಗೆ ಕಠಿಣ ಸಜೆ, ಎರಡನೆಯ ಸಲ ಆರು ತಿಂಗಳವರೆಗೆ, ಮೂರನೆಯ ಸಲ ಏಳು ವರ್ಷ ಕಡಲಾಚೆಗೆ ಗಡೀಪಾರು ಆಗಬಹುದಾಗಿತ್ತು.

1831ರಲ್ಲಿ ಬೇಟೆಯ ಕಾಯಿದೆ ತಿದ್ದುಪಡಿಯಾಗಿ ನೂರು ಪೌಂಡಿನ ಅರ್ಹತೆ ಹೋಯಿತು. ಪರವಾನಗಿ ಪಡೆದ ಯಾರೇ ಆಗಲಿ ಬೇಟೆಯಾಡಬಹುದೆಂದಾಯಿತು. ಆದರೆ ಬೇಟೆ ಹುಡುಕಿ ಹಗಲು ಪರರ ನೆಲ ಹೊಕ್ಕವನಿಗೆ ಎರಡು ಪೌಂಡ್‌ವರೆಗೆ ದಂಡ, ಮೇಲೆ ಕೋರ್ಟಿನ ಖರ್ಚು. ಎರಡು ಪೌಂಡ್ ಎಂದರೆ ನಲವತ್ತು ಷಿಲಿಂಗ್. ಡಾರ್ಸೆಟ್ ಸೀಮೆಯ ಕೂಲಿಕಾರನಿಗೆ 1834ರಲ್ಲಿ ವಾರಕ್ಕೆ ಏಳು ಷಿಲಿಂಗ್ ಕೂಲಿ. ಲೆಕ್ಕ ಹಾಕಿ ನೋಡಿ: ಒಂದು ಮೊಲದಾಸೆಗೆ ಸುಮಾರು ಆರು ವಾರದ ದುಡಿಮೆ. ವಾರದ ಕೂಲಿ ವಾರದ ರೊಟ್ಟಿಗೇ ಸಾಲದ ಮನೆಯಲ್ಲಿ ಆರು ವಾರದ ಕೂಲಿಯನ್ನು ಎಲ್ಲಿಂದ ತಂದಾನು? ಆದ್ದರಿಂದ ಬಡವನಿಗೆ ದಂಡವೆಂದರೆ ಜೈಲೆಂದೇ ಅರ್ಥ.

ಕಾನೂನು ಇದನ್ನು ಅಪರಾಧ ಎಂದರೂ ಹಳ್ಳಿಯ ಜನ ಹಾಗೆನ್ನಲಿಲ್ಲ. ಪಕ್ಕದ ಮನೆಯ ಕೋಳಿ ಕದ್ದವನನ್ನು ಅವರು ಕಳ್ಳನೆಂದೇ ಕರೆದು ಮುಖ ತಿರುಗಿಸುತ್ತಿದ್ದರು. ಮೊಲ ತಂದವನ ಮನೆಯ ಸಾರಿನಲ್ಲಿ ಪಾಲು ಕೇಳುತ್ತಿದ್ದರು. ವಾರಿಕ್‌ಷೈರಿನ ಬಾರ್‌ಫರ್ಡ್‌ನಲ್ಲಿ 1826ರಲ್ಲಿ ಹುಟ್ಟಿ, ಕೂಲಿಯಾಗಿ ಬೆಳೆದು, 1872ರಲ್ಲಿ ಕೃಷಿಕಾರ್ಮಿಕರ ರಾಷ್ಟ್ರೀಯ ಸಂಘವನ್ನು ಕಟ್ಟಿದ ಜೋಸೆಫ್ ಆರ್ಚ್ ತನ್ನ ಜನರ ಈ ನಂಬಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಬೇಲಿಯಲ್ಲಿ ಹಾಡುವ ಹಕ್ಕಿಗೆ ಒಡೆಯನಿಲ್ಲದಂತೆ ಮೊಲಕ್ಕೂ ಇಲ್ಲ ಎಂಬುದು ಅವರ ತರ್ಕ.

ಈ ತರ್ಕದ ಹಿಂದೆ ಒಂದು ನೋವಿತ್ತು. 1750ರಿಂದ 1850ರವರೆಗೆ ಪಾರ್ಲಿಮೆಂಟು ನಾಲ್ಕು ಸಾವಿರದಷ್ಟು ‘ಬೇಲಿ’ ಕಾಯಿದೆಗಳನ್ನು ಮಾಡಿತು. ಊರ ಸಾಮಾನ್ಯರೆಲ್ಲರೂ ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಗೋಮಾಳಗಳಿಗೆ ಬೇಲಿ ಬಿದ್ದು ಅವು ಒಬ್ಬೊಬ್ಬರ ಸ್ವತ್ತಾದವು. ಅಜ್ಜ ಹಕ್ಕಿನಿಂದ ತಂದ ಪುಳ್ಳೆಯನ್ನೇ ಮೊಮ್ಮಗ ತಂದರೆ ಅದು ಕಳವು. ಮನುಷ್ಯ ಬದಲಾಗಿರಲಿಲ್ಲ, ಮಾಡಿದ ಕೆಲಸವೂ ಬದಲಾಗಿರಲಿಲ್ಲ. ಅದರ ಹೆಸರು ಬದಲಾಗಿತ್ತು.

ಹಕ್ಕಲು ಆಯುವ ಪದ್ಧತಿಗೂ ಇದೇ ಗತಿ ಬಂದಿತು. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆಗಳನ್ನು ಬಡಹೆಂಗಸರೂ ಮಕ್ಕಳೂ ಆಯ್ದುಕೊಳ್ಳುವುದು ಬೈಬಲ್ಲಿನ ಕಾಲದಿಂದ ಬಂದ ನಡೆವಳಿಕೆ. 1787ರಲ್ಲಿ ಸಫೋಕ್ ಸೀಮೆಯ ಟಿಮ್‌ವರ್ತ್ ಎಂಬ ಹಳ್ಳಿಯಲ್ಲಿ ಮೇರಿ ಹೌಟನ್ ಎಂಬಾಕೆ ಹಕ್ಕಲು ಆಯ್ದದ್ದು ವ್ಯಾಜ್ಯವಾಗಿ ಲಂಡನ್ನಿನ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1788ರಲ್ಲಿ ಬಂದ ತೀರ್ಪು: ದೇಶದ ಸಾಮಾನ್ಯ ಕಾನೂನಿನಲ್ಲಿ ಅಂಥ ಹಕ್ಕು ಯಾರಿಗೂ ಇಲ್ಲ. ಈ ಟಿಮ್‌ವರ್ತ್‌ನ ಮಗ್ಗುಲ ಕಲ್‌ಫರ್ಡ್ ಯಾರ ಮನೆತನದ ನೆಲೆ ಎಂದು ನೋಡಿದಾಗ ನನಗೆ ಆಶ್ಚರ್ಯವಾಯಿತು. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಮುಂದೆ ದಂಡು ಇಳಿಸಿದ ಲಾರ್ಡ್ ಕಾರ್ನ್‌ವಾಲಿಸನದು! ತೀರ್ಪು ಹೊರಬಿದ್ದಾಗ ಅವನು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್. ತೀರ್ಪಿನಿಂದ ಹಕ್ಕಲು ಆಯುವುದು ನಿಂತುಹೋಯಿತೆಂದು ಯಾರೂ ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಹೆಂಗಸರು ಹೊಲಕ್ಕೆ ಹೋಗುತ್ತಲೇ ಇದ್ದರು. ಹಲವು ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದ ಮೇಲೆಯೇ ಆಯಲು ಆರಂಭಿಸಬೇಕೆಂಬ ಕಟ್ಟಳೆಯೂ ಇತ್ತು. ಕಾನೂನು ಲಂಡನ್ನಿನಲ್ಲಿ ಬದಲಾದಷ್ಟು ಬೇಗ ರೂಢಿ ಹೊಲದಲ್ಲಿ ಬದಲಾಗುವುದಿಲ್ಲ.

ಇನ್ನು ಕಳ್ಳನನ್ನು ಹಿಡಿಯುವವರು ಯಾರು? ಶತಮಾನದ ಮೊದಲರ್ಧದಲ್ಲಿ ಹಳ್ಳಿಗೆ ಪೊಲೀಸರೆಂಬುವರಿರಲಿಲ್ಲ. ಊರಿನ ಬಡಗಿಯೋ ಚಮ್ಮಾರನೋ ಸಣ್ಣ ರೈತನೋ ಸರದಿಯ ಮೇಲೆ ಒಂದು ವರ್ಷ ಕಾನ್‌ಸ್ಟೇಬಲ್ ಆಗಬೇಕು. ನೆರೆಯವನ ಕೈಗೆ ಬೇಡಿ ತೊಡಿಸಿ, ಮುಂದಿನ ವರ್ಷ ಅವನ ಜೊತೆಯಲ್ಲೇ ಬಾಳಬೇಕಾದವನು ಎಷ್ಟು ಕಟ್ಟುನಿಟ್ಟಾಗಿದ್ದಾನು? ಮೊಕದ್ದಮೆ ಹೂಡುವ ಭಾರವೂ ಕಳೆದುಕೊಂಡವನದೇ. ಹೀಗಾಗಿ ಅನುಕೂಲಸ್ಥರು ಚಂದಾ ಹಾಕಿ ಕಳ್ಳರ ಮೇಲೆ ಮೊಕದ್ದಮೆ ನಡೆಸುವ ಸಂಘಗಳನ್ನೇ ಕಟ್ಟಿಕೊಂಡಿದ್ದರು. ಉಳಿದವರು ಎರಡೇಟು ಕೊಟ್ಟು, ತಪ್ಪಾಯಿತೆನ್ನಿಸಿ ಕೈಬಿಡುತ್ತಿದ್ದರು. ಕೌಂಟಿಗಳು ಬೇಕಾದರೆ ಪೊಲೀಸ್ ಪಡೆ ಇಟ್ಟುಕೊಳ್ಳಬಹುದೆಂದು 1839ರ ಕಾಯಿದೆ, ಇಟ್ಟುಕೊಳ್ಳಲೇಬೇಕೆಂದು 1856ರ ಕಾಯಿದೆ. ಆರು ವರ್ಷದ ಬಳಿಕ, 1862ರಲ್ಲಿ, ಕಳ್ಳಬೇಟೆಯ ಅನುಮಾನವಿದ್ದವನನ್ನು ರಸ್ತೆಯಲ್ಲಿ ತಡೆದು ಚೀಲ ಶೋಧಿಸುವ ಅಧಿಕಾರ ಪೊಲೀಸರಿಗೆ ದೊರೆಯಿತು. ಊರೆಲ್ಲ ತೆರಿಗೆ ತೆತ್ತು ಇಟ್ಟುಕೊಂಡ ಪೊಲೀಸನು ಸ್ಕ್ವೈರನ ಮೊಲಗಳ ಕಾವಲುಗಾರನಾದನೆಂದು ಜನ ಗೊಣಗಿದರು.

ಶಿಕ್ಷೆಗಳಲ್ಲಿ ಹಳೆಯದು ಕೋಳ. ಎರಡು ಹಲಗೆಗಳ ನಡುವಣ ತೂತುಗಳಿಗೆ ಕಾಲು ಸಿಕ್ಕಿಸಿ ಊರ ನಡುವೆ ಕೂರಿಸುವುದು. ಕುಡಿದು ಬಿದ್ದವನಿಗೆ ಐದು ಷಿಲಿಂಗ್ ದಂಡ, ತೆರಲಾರದಿದ್ದರೆ ಆರು ಗಂಟೆ ಕೋಳ ಎಂದು ಒಂದನೆಯ ಜೇಮ್ಸ್ ದೊರೆಯ ಕಾಲದ ಕಾಯಿದೆ. 1872ರಷ್ಟು ಈಚೆಗೂ ಬರ್ಕ್‌ಷೈರಿನ ನ್ಯೂಬರಿಯಲ್ಲಿ ಒಬ್ಬ ಕುಡುಕನನ್ನು ಹೀಗೆ ಕೂರಿಸಿದ್ದುಂಟು. ನಮ್ಮ ನೆಲಕ್ಕೂ ಈ ವಸ್ತುವಿನ ನಂಟಿದೆ. 1816ರ ಮದರಾಸು ರೆಗ್ಯುಲೇಷನ್ನು ಹಳ್ಳಿಯ ಮುಖ್ಯಸ್ಥರಿಗೆ ಚಿಲ್ಲರೆ ಜಗಳಗಳನ್ನು ವಿಚಾರಿಸುವ ಅಧಿಕಾರ ಕೊಟ್ಟಾಗ, ಮೇಲುಜಾತಿಯವನಾದರೆ ಕೆಲವು ಗಂಟೆ ಕೂಡಿಹಾಕಬಹುದು, ‘ಕೀಳುಜಾತಿ’ಯವನಾದರೆ ಕೋಳಕ್ಕೆ ಹಾಕಬಹುದು ಎಂದು ಭೇದ ಮಾಡಿತು. ಬಳ್ಳಾರಿ, ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. ಅಲ್ಲಿ ಆಸ್ತಿ ನೋಡಿ ನ್ಯಾಯ, ಇಲ್ಲಿ ಜಾತಿ ನೋಡಿ ಶಿಕ್ಷೆ. ನಗಬೇಕೋ ಅಳಬೇಕೋ ತಿಳಿಯದು.

ಜೈಲಿಗೆ ಹೋದವನಿಗೆ ತುಳಿಚಕ್ರ ಕಾದಿರುತ್ತಿತ್ತು. ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರನು 1817ರ ಸುಮಾರಿಗೆ ಕಲ್ಪಿಸಿದ ಯಂತ್ರವದು. ಎಷ್ಟು ಹತ್ತಿದರೂ ತುದಿ ಮುಟ್ಟದ ಮೆಟ್ಟಿಲುಗಳ ದೊಡ್ಡ ಉರುಳೆ. ಟಿಮ್‌ವರ್ತ್‌ಗೆ ಕೆಲವೇ ಮೈಲಿ ದೂರದ ಬರಿ ಸೇಂಟ್ ಎಡ್ಮಂಡ್ಸ್ ಜೈಲಿನಲ್ಲಿಯೇ ಮೊದಮೊದಲ ಚಕ್ರಗಳಲ್ಲೊಂದು ತಿರುಗಿತು. ಕೆಲವೆಡೆ ಅದರಿಂದ ಕಾಳು ಬೀಸಿಸುತ್ತಿದ್ದರು, ಕೆಲವೆಡೆ ಅದು ಸುಮ್ಮನೆ ಗಾಳಿಯನ್ನಷ್ಟೇ ಬೀಸುತ್ತಿತ್ತು. ಹಸಿವಿಗಾಗಿ ಒಂದು ಮೊಲ ಹಿಡಿದವನು ದಿನವೆಲ್ಲ ಹತ್ತಿ ಹತ್ತಿ ಇದ್ದಲ್ಲೇ ಇರುತ್ತಿದ್ದ. ಅಂದಿನ ಕೂಲಿಯವನ ಬಾಳಿಗೆ ಇದಕ್ಕಿಂತ ಬೇರೆ ಉಪಮೆ ಬೇಕಿಲ್ಲ.

ಇಷ್ಟನ್ನು ಹೇಳಿ ಸ್ಕ್ವೈರುಗಳೆಲ್ಲ ರಾಕ್ಷಸರೆಂದು ಬಗೆದರೆ ನಾವೂ ಅನ್ಯಾಯ ಮಾಡಿದಂತೆ. ಆ ಪೀಠದಲ್ಲಿ ಕುಳಿತು ಗಂಡ ಹೆಂಡಿರ ಜಗಳ ಬಿಡಿಸಿದವರಿದ್ದರು; ಕೂಲಿ ಕೊಡದ ರೈತನನ್ನು ಗದರಿಸಿ ಕೊಡಿಸಿದವರಿದ್ದರು; ದಂಡ ವಿಧಿಸಿ, ಹೊರಗೆ ಬಂದು ತಾವೇ ತೆತ್ತವರೂ ಇದ್ದರು. ನ್ಯಾಯ ಮನೆಯ ಬಾಗಿಲಿನಲ್ಲೇ, ಅಗ್ಗವಾಗಿ, ಬೇಗನೆ ಸಿಗುತ್ತಿತ್ತೆಂಬುದೂ ನಿಜ. ವರ್ಷಗಟ್ಟಲೆ ತಾರೀಖು ಕಾಯುವ ನಮಗೆ ಆ ಮಾತಿನ ಬೆಲೆ ಗೊತ್ತು. ತನ್ನದೇ ವ್ಯಾಜ್ಯದಲ್ಲಿ ತಾನು ತೀರ್ಪುಗಾರನಾಗಬಾರದೆಂಬ ನಿಯಮವೂ ಇತ್ತು. ಆದರೆ ಈ ಸ್ಕ್ವೈರನ ಮೊಲದ ಮೊಕದ್ದಮೆಯನ್ನು ಆ ಸ್ಕ್ವೈರ್ ವಿಚಾರಿಸುತ್ತಿದ್ದ, ರಾತ್ರಿ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಹತ್ತಿರದ ನ್ಯಾಯಾಧೀಶನಿಗೆ ಊರು ಗೊತ್ತು; ಅದು ಅವನ ಗುಣ. ಊರಿನಲ್ಲಿ ಅವನಿಗೆ ಸ್ವತ್ತೂ ಉಂಟು. ಅದು ಅವನ ದೋಷ. ಗುಣವನ್ನು ಉಳಿಸಿಕೊಂಡು ದೋಷವನ್ನು ಕಳೆಯುವುದು ಹೇಗೆ? ಇಂಗ್ಲೆಂಡಿಗೆ ಈ ಪ್ರಶ್ನೆ ಎದುರಾದದ್ದು ಒಂದು ಸಣ್ಣ ಘಟನೆಯಿಂದ.

1873ರ ಮೇ ತಿಂಗಳು. ಆಕ್ಸ್‌ಫರ್ಡ್‌ಷೈರಿನ ಆಸ್ಕಟ್-ಅಂಡರ್-ವಿಚ್‌ವುಡ್ ಎಂಬ ಹಳ್ಳಿ. ಆರ್ಚ್‌ನ ಸಂಘಕ್ಕೆ ಸೇರಿದ್ದ ಕೂಲಿಯವರಿಗೂ ಒಬ್ಬ ರೈತನಿಗೂ ತಕರಾರು ಬಿದ್ದು, ಆತ ಪಕ್ಕದ ಊರಿನಿಂದ ಇಬ್ಬರು ಆಳುಗಳನ್ನು ಕರೆಸಿದ. ಸಂಘದವರ ಹೆಂಡತಿಯರೂ ಹೆಣ್ಣುಮಕ್ಕಳೂ ದಾರಿಯಲ್ಲಿ ನಿಂತು, ಹೊಲಕ್ಕೆ ಹೋಗಬೇಡಿರೆಂದು ಆ ಆಳುಗಳನ್ನು ತಡೆದರು. ಮಾತು ಜೋರಾಯಿತು. ಪೆಟ್ಟು ಯಾರಿಗೂ ಬೀಳಲಿಲ್ಲ. ರೈತನ ದೂರಿನ ಮೇಲೆ ಚಿಪ್ಪಿಂಗ್ ನಾರ್ಟನ್ ಪಟ್ಟಣದ ಪೆಟಿ ಸೆಷನ್ಸ್ ಮುಂದೆ ವಿಚಾರಣೆ. ಪೀಠದ ಮೇಲೆ ಇಬ್ಬರು, ಇಬ್ಬರೂ ಪಾದ್ರಿಗಳು. 1871ರ ಕಾಯಿದೆಯಲ್ಲಿ ಕೆಲಸಕ್ಕೆ ಹೋಗುವವನನ್ನು ತಡೆದರೆ ಜೈಲೇ ಶಿಕ್ಷೆ. ಹದಿನಾರು ಹೆಂಗಸರಿಗೆ ಸಜೆಯಾಯಿತು: ಏಳು ಮಂದಿಗೆ ಹತ್ತು ದಿನ, ಒಂಬತ್ತು ಮಂದಿಗೆ ಏಳು ದಿನ, ಕಠಿಣ ದುಡಿಮೆ ಬೇರೆ. ಅವರಲ್ಲಿ ಎಳೆಗೂಸನ್ನು ಎತ್ತಿಕೊಂಡ ತಾಯಂದಿರಿದ್ದರು. ಕೂಸುಗಳೂ ಜೈಲಿಗೆ ಹೋದವು.

ಅಂದು ರಾತ್ರಿ ಚಿಪ್ಪಿಂಗ್ ನಾರ್ಟನ್ನಿನಲ್ಲಿ ಜನ ಸೇರಿ ಪೊಲೀಸ್ ಠಾಣೆಗೆ ಕಲ್ಲು ತೂರಿದರು. ಅಧಿಕಾರಿಗಳು ನಡುರಾತ್ರಿ ಕಳೆದ ಮೇಲೆ ಆ ಹೆಂಗಸರನ್ನು ಕುದುರೆ ಬಂಡಿಗೆ ಹತ್ತಿಸಿ ಆಕ್ಸ್‌ಫರ್ಡ್ ಜೈಲಿಗೆ ಸಾಗಿಸಿದರು. ತೆರೆದ ಬಂಡಿಯಲ್ಲಿ, ಚಳಿಯಲ್ಲಿ, ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದ ಆ ಇಪ್ಪತ್ತು ಮೈಲಿ ಎಷ್ಟು ದೀರ್ಘವಾಗಿತ್ತೋ! ಬೆಳಗಾದಾಗ ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಪತ್ರಿಕೆಗಳಲ್ಲಿ ಕೋಲಾಹಲ, ಪಾರ್ಲಿಮೆಂಟಿನಲ್ಲಿ ಪ್ರಶ್ನೆ. ಪಾದ್ರಿಗಳು ನ್ಯಾಯಪೀಠದಲ್ಲಿ ಕೂರುವುದು ಸರಿಯೆ ಎಂಬ ಚರ್ಚೆ ಬಿಸಿಯೇರಿತು. ಸಜೆ ತೀರಿ ಹೊರಬಂದ ಹೆಂಗಸರಿಗೆ ಸಂಘವು ಜನರಿಂದ ಕೂಡಿಸಿದ ಹಣದಲ್ಲಿ ತಲಾ ಐದು ಪೌಂಡ್ ಕೊಟ್ಟಿತು. ವಿಕ್ಟೋರಿಯಾ ರಾಣಿ ಒಬ್ಬೊಬ್ಬರಿಗೂ ಕೆಂಪು ಫ್ಲಾನೆಲ್ ಲಂಗ ಕಳಿಸಿದಳೆಂದು ಆ ಸೀಮೆಯಲ್ಲಿ ಹೇಳಿಕೆಯುಂಟು. ಅದು ಬರಿಯ ಕತೆಯಿರಬಹುದು. ಬಡವರು ತಮಗೆ ದೊರೆಯದ ನ್ಯಾಯವನ್ನು ಕತೆಯಲ್ಲಾದರೂ ದೊರಕಿಸಿಕೊಳ್ಳುತ್ತಾರೆ. ಎರಡೇ ವರ್ಷದಲ್ಲಿ, 1875ರಲ್ಲಿ, ಅವರನ್ನು ಜೈಲಿಗಟ್ಟಿದ ಆ ಕಾಯಿದೆ ರದ್ದಾಯಿತು.

ಉಳಿದ ಬದಲಾವಣೆಗಳು ನಿಧಾನವಾಗಿ ಬಂದವು. ತನ್ನ ಹೊಲದ ಮೊಲವನ್ನು ಗೇಣಿದಾರನೂ ಹೊಡೆಯಬಹುದೆಂದು 1880ರ ಕಾಯಿದೆ. ಆರೋಪಿ ತನ್ನ ಪರವಾಗಿ ತಾನೇ ಪ್ರಮಾಣಮಾಡಿ ಸಾಕ್ಷಿ ಹೇಳುವ ಸಾಮಾನ್ಯ ಹಕ್ಕು 1898ರಲ್ಲಿ. ನ್ಯಾಯಾಧಿಕಾರಿಗೆ ಭೂಮಿ ಇರಲೇಬೇಕೆಂಬ ಅರ್ಹತೆ ಹೋದದ್ದು 1906ರಲ್ಲಿ. 1919ರ ಕೊನೆಗೆ ಹೆಂಗಸರೂ ಆ ಪೀಠವನ್ನು ಏರಬಹುದೆಂದಾಯಿತು. ಆಸ್ಕಟ್ಟಿನ ಹೆಂಗಸರನ್ನು ಬಂಡಿಗೆ ಹತ್ತಿಸಿ ಆಗ ನಲವತ್ತಾರು ವರ್ಷ. ಹದಿನಾರು ಮಂದಿಯಲ್ಲಿ ಯಾರಾದರೂ ಬದುಕಿದ್ದು ಆ ಸುದ್ದಿಯನ್ನು ಕೇಳಿದ್ದರೆ ಏನೆಂದುಕೊಂಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂದಿಗೂ ಇಂಗ್ಲೆಂಡಿನ ಬಹುಪಾಲು ಅಪರಾಧಗಳ ವಿಚಾರಣೆ ಸಂಬಳವಿಲ್ಲದ ಇಂಥ ನಾಗರಿಕ ಮ್ಯಾಜಿಸ್ಟ್ರೇಟರ ಕೋರ್ಟುಗಳಲ್ಲೇ ಆರಂಭವಾಗುತ್ತದೆ. ಆರೂವರೆ ಶತಮಾನದ ಪೀಠ ಉಳಿದಿದೆ, ಅದರ ಮೇಲೆ ಕೂರುವವರು ಬದಲಾಗಿದ್ದಾರೆ. ಆಸ್ಕಟ್ಟಿನ ಹಸುರು ಬಯಲಿನಲ್ಲಿ ಆ ಹೆಂಗಸರ ನೆನಪಿಗೆಂದು ಒಂದು ಮರದ ಸುತ್ತ ಆಸನ ಹಾಕಿದ್ದಾರೆ. ನಮ್ಮ ಅರಳಿಕಟ್ಟೆಯ ಹಾಗೆ.

ಅರಳಿಕಟ್ಟೆ ಎಂದೊಡನೆ ನಮ್ಮ ಜನಕ್ಕೆ ಪಂಚಾಯಿತಿಯ ನೆನಪಾಗುತ್ತದೆ. ಊರ ನ್ಯಾಯ ಊರಲ್ಲೇ ತೀರಲಿ ಎಂಬ ಮಾತನ್ನು ನಾವು ಆಗಾಗ್ಗೆ ಕೇಳುತ್ತೇವೆ. 2008ರಲ್ಲಿ ಗ್ರಾಮ ನ್ಯಾಯಾಲಯಗಳ ಕಾಯಿದೆಯನ್ನೂ ನಮ್ಮ ಪಾರ್ಲಿಮೆಂಟು ಮಾಡಿದೆ. ಒಳ್ಳೆಯ ಮಾತು. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು, ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂದು. ಬೇಲಿ ಯಾರದೋ ಅವರೇ ತೀರ್ಪುಗಾರರಾದರೆ, ಕಡ್ಡಿ ಮುರಿದವಳಿಗೆ ಹತ್ತಿರದ ನ್ಯಾಯಕ್ಕಿಂತ ದೂರದ ನ್ಯಾಯವೇ ವಾಸಿ.

ಹಾರ್ಡಿಗೆ ಇದು ಗೊತ್ತಿತ್ತು. ಅವನೂ 1884ರಲ್ಲಿ ಡಾರ್ಚೆಸ್ಟರಿನ ಮ್ಯಾಜಿಸ್ಟ್ರೇಟನಾಗಿದ್ದವನು. ಕಾದಂಬರಿ ಪುಸ್ತಕವಾಗಿ ಬಂದದ್ದು 1886ರಲ್ಲಿ. ತರಗತಿಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತೆಂದು ಈಗ ತೋರುತ್ತದೆ. ವ್ಯಾಪಾರಿಯೊಬ್ಬ ಆ ಪೀಠವನ್ನು ಹತ್ತಿದ್ದರಲ್ಲಿ ಸೋಜಿಗವಿಲ್ಲ. ಮುದುಕಿಯ ಮಾತು ಕೇಳಿ ಇಳಿದುಹೋದನಲ್ಲ, ಅದು ಸೋಜಿಗ. ಹಾಗೆ ಇಳಿದವರನ್ನು ನಾನು ಕಾದಂಬರಿಯಲ್ಲಿ ಕಂಡೆ. ಚರಿತ್ರೆಯಲ್ಲಿ ಇನ್ನೂ ಹುಡುಕುತ್ತಿದ್ದೇನೆ.